ಚಿನ್ನದ ಗಣಿಯ ನೆರೆಯಲ್ಲೊಂದು ಹೂವಿನ ಬೆಟ್ಟ

ಕೋಲಾರದ ಚಿನ್ನದ ಗಣಿ ಎಂದೊಡನೆ ನಮ್ಮ ಮನಸ್ಸು ಭೂಮಿಯ ಆಳಕ್ಕೆ ಇಳಿಯುತ್ತದೆ. ಸುಮಾರು 3,200 ಮೀಟರುಗಳಷ್ಟು ಆಳಕ್ಕೆ ಇಳಿದಿದ್ದ ಚಾಂಪಿಯನ್ ರೀಫ್ ಗಣಿ, 1902ರಲ್ಲಿಯೇ ಶಿವನಸಮುದ್ರದಿಂದ ಇಲ್ಲಿಗೆ ಹರಿದು ಬಂದ ವಿದ್ಯುತ್ತು, 1965ರಲ್ಲಿ ಇದೇ ಗಣಿಯ ಒಡಲಿನಲ್ಲಿ ವಿಜ್ಞಾನಿಗಳಿಗೆ ದೊರೆತ ನ್ಯೂಟ್ರಿನೋ ಕಣಗಳ ಸುಳಿವು, ಇವೆಲ್ಲ ಪ್ರಸಿದ್ಧವಾದ ಸಂಗತಿಗಳು. ಆದರೆ ಆ ನೆಲದ ಮೇಲೆ ಏನು ಬೆಳೆಯುತ್ತದೆ ಎಂದು ಕೇಳುವವರು ವಿರಳ.

ನಮ್ಮ ಮಿತ್ರರೊಬ್ಬರು ಅಲ್ಲಿನ ಕಾರ್ಮಿಕರ ಸಾಲುಮನೆಯಲ್ಲಿ ಹುಟ್ಟಿ ಬೆಳೆದವರು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದ ಮೇಲೆ ಉದ್ಯೋಗವನ್ನರಸಿ ಊರು ಬಿಟ್ಟರು. “ನಮ್ಮೂರಿನಲ್ಲಿ ನಾನು ಧೂಳನ್ನು ಕಂಡಷ್ಟು ಹೂವನ್ನು ಕಂಡವನಲ್ಲ. ಬೆಟ್ಟದಲ್ಲಿ ಹೂವಿದೆ ಎನ್ನುತ್ತೀರಲ್ಲ, ತೋರಿಸಿ ನೋಡೋಣ” ಎಂದು ಅವರು ಸವಾಲೆಸೆದರು. ಅಕ್ಟೋಬರ್ ತಿಂಗಳ ಒಂದು ಮುಂಜಾನೆ ನಾವಿಬ್ಬರೂ ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲನ್ನು ಹತ್ತಿ ಊರ್ಗಾಂ ನಿಲ್ದಾಣದಲ್ಲಿ ಇಳಿದೆವು. ಬುತ್ತಿ, ನೀರು, ಒಂದು ಭೂತಗನ್ನಡಿ, ಇಷ್ಟೇ ನಮ್ಮ ಸಾಮಗ್ರಿ.

ಗಣಿಪ್ರದೇಶದ ಪಶ್ಚಿಮಕ್ಕೆ ಉತ್ತರ ದಕ್ಷಿಣವಾಗಿ ಬೆಟ್ಟಗಳ ಸಾಲೊಂದು ಹಬ್ಬಿದೆ. ಅದರಲ್ಲಿ ಎದ್ದು ಕಾಣುವುದು ಬೇತರಾಯನ ಬೆಟ್ಟ. ಸಮುದ್ರಮಟ್ಟದಿಂದ ಇದರ ಎತ್ತರ ಸುಮಾರು 3,200 ಅಡಿ. ಆದರೆ ಸುತ್ತಲಿನ ಬಯಲೇ ಎತ್ತರವಾಗಿರುವುದರಿಂದ ಹತ್ತುವ ಶ್ರಮ ಹೆಚ್ಚಿನದಲ್ಲ. ಕೋಲಾರದ ಸೀಮೆಯಲ್ಲಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿಯೇ ಮಳೆ ಹೆಚ್ಚು. ಆದುದರಿಂದ ಕುರುಚಲು ಬೆಟ್ಟ ಹೂತೊಡುವುದೂ ಆಗಲೇ.

ಬಂಡೆಯ ಮೇಲಿನ ಬದುಕು

ದಾರಿಯ ಮೊದಲ ಬಂಡೆಯ ಮೇಲೆಯೇ ಬೂದುಬಣ್ಣದ ಕಲ್ಲುಹೂ ಹರಡಿತ್ತು. ಹೆಸರಿನಲ್ಲಿ ಹೂವಿದ್ದರೂ ಇದು ಹೂವಲ್ಲ; ಶಿಲೀಂಧ್ರವೂ ಶೈವಲವೂ ಕೂಡಿ ನಡೆಸುವ ಸಂಸಾರ. ಶೈವಲ ಬಿಸಿಲಿನ ನೆರವಿನಿಂದ ಆಹಾರವನ್ನು ತಯಾರಿಸುತ್ತದೆ. ಶಿಲೀಂಧ್ರ ಅದಕ್ಕೆ ಆಸರೆ ಕೊಟ್ಟು ತೇವವನ್ನು ಹಿಡಿದಿಡುತ್ತದೆ. ಇವು ಸ್ರವಿಸುವ ಆಮ್ಲಗಳು ಶತಮಾನಗಳ ಕಾಲ ಕಲ್ಲನ್ನು ಸವೆಸುತ್ತವೆ. ಆ ಪುಡಿಯೊಡನೆ ಸತ್ತ ಕಲ್ಲುಹೂವೂ ಗಾಳಿ ತಂದ ಧೂಳೂ ಸೇರಿ ಬಂಡೆಯ ಹೊಂಡಗಳಲ್ಲಿ ಬೆರಳಗಲದ ಮಣ್ಣಾಗುತ್ತದೆ.

ಅಂತಹ ಹೊಂಡವೊಂದರಲ್ಲಿ ನೇರಳೆ ಬಣ್ಣದ ಕಿರುಹೂಗಳು ತುಂಬಿದ್ದವು. ಕೇಸರಗಳ ಮೇಲೆ ನವುರಾದ ರೋಮಗಳಿದ್ದ ಈ ಸಸ್ಯ ಸಯನೋಟಿಸ್ ಕುಲಕ್ಕೆ ಸೇರಿದುದು. ಗ್ರೀಕ್ ಭಾಷೆಯಲ್ಲಿ ಆ ಹೆಸರಿಗೆ ‘ನೀಲಿ ಕಿವಿ’ ಎಂದು ಅರ್ಥ. ಚಿನ್ನವನ್ನು ಕರಗಿಸುವ ಸಯನೈಡಿನ ಹೆಸರೂ ನೀಲಿಯೆಂಬ ಅದೇ ಗ್ರೀಕ್ ಪದದಿಂದ ಹುಟ್ಟಿದುದೆಂದು ನಾವು ಹೇಳಿದಾಗ ಮಿತ್ರರು ಬೆರಗಾದರು.

ಬಡತನವನ್ನು ಗೆಲ್ಲುವ ಬಗೆಗಳು

ಬೆಟ್ಟದ ಮಣ್ಣಿನಲ್ಲಿ ಸಾರಜನಕಕ್ಕೆ ಕೊರತೆ. ಈ ಕೊರತೆಯನ್ನು ಒಂದೊಂದು ಸಸ್ಯವೂ ಒಂದೊಂದು ರೀತಿಯಲ್ಲಿ ನೀಗಿಸಿಕೊಳ್ಳುತ್ತದೆ. ನೀರು ಒಸರುವ ಕಡೆ ಮೊಣಕಾಲೂರಿ ನೋಡಿದೆವು. ನಾಣ್ಯದಷ್ಟಗಲದ ಕೆಂಪು ಎಲೆಗಳ ಗೊಂಚಲು ನೆಲಕ್ಕಂಟಿಕೊಂಡಿತ್ತು. ಎಲೆಯ ರೋಮಗಳ ತುದಿಯಲ್ಲಿ ಇಬ್ಬನಿಯಂತಹ ಹನಿಗಳು ಹೊಳೆಯುತ್ತಿದ್ದವು. ಇದು ಡ್ರಾಸಿರಾ ಎಂಬ ಕೀಟಾಹಾರಿ. ಆ ಹನಿ ನೀರಲ್ಲ, ಅಂಟು. ಕುಳಿತ ಕೀಟವನ್ನು ರೋಮಗಳು ಬಾಗಿ ಹಿಡಿಯುತ್ತವೆ. ಪಾಚಕರಸ ಅದನ್ನು ಕರಗಿಸುತ್ತದೆ. ಸಾರಜನಕವುಳ್ಳ ವಸ್ತುವಿಗೆ ಡ್ರಾಸಿರಾದ ಎಲೆ ವಿಶೇಷವಾಗಿ ಸ್ಪಂದಿಸುತ್ತದೆಂಬುದನ್ನು ಡಾರ್ವಿನ್ 1875ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಪ್ರಯೋಗಗಳ ಮೂಲಕ ತೋರಿಸಿದನು.

ಇನ್ನಷ್ಟು ಮೇಲೆ ಸೆಣಬಿನ ಕುಲದ ಒಂದು ಗಿಡ ಹಳದಿ ಹೂ ಬಿಟ್ಟಿತ್ತು. ಅದರ ಒಣಗಿದ ಕಾಯನ್ನು ಅಲುಗಿಸಿದರೆ ಗಿಲಕಿಯಂತೆ ಸದ್ದು. ಇದರ ಬೇರಿನ ಗಂಟುಗಳಲ್ಲಿ ನೆಲೆಸಿರುವ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಒದಗಿಸುತ್ತವೆ. ಗಿಡ ಸತ್ತು ಕೊಳೆತಾಗ ಆ ಸಂಪತ್ತು ಮಣ್ಣಿನ ಪಾಲಾಗುತ್ತದೆ.

ಇಳಿಜಾರಿನ ಉದ್ದಕ್ಕೂ ಅಪ್ಪಟ ಚಿನ್ನದ ಬಣ್ಣದ ತಂಗಡಿ. ಇದೂ ಅದೇ ದೊಡ್ಡ ಕುಟುಂಬದ್ದಾದರೂ ಇದರ ಬೇರಿನಲ್ಲಿ ಅಂತಹ ಗಂಟುಗಳಿಲ್ಲ. ಆಳಕ್ಕಿಳಿಯುವ ಬೇರೂ ಬರವನ್ನು ತಾಳುವ ಗುಣವೂ ಇದರ ಬಲ. ಇದರ ತೊಗಟೆಯ ಒಗರಿನಿಂದ ಚರ್ಮವನ್ನು ಹದಮಾಡುತ್ತಿದ್ದುದುಂಟು. ಪೊದೆಯೊಂದರ ಮೇಲೆ ಎಲೆಯ ತುದಿಯನ್ನೇ ಕುಡಿಯಾಗಿ ಸುತ್ತಿಕೊಂಡು ಏರಿದ್ದ ಅಗ್ನಿಶಿಖೆ, ಕೆಂಪು ಹಳದಿ ದಳಗಳನ್ನು ಮೇಲಕ್ಕೆ ಮಡಿಸಿ ನಿಂತಿತ್ತು. ಮಿತ್ರರು ಗೆಡ್ಡೆಯನ್ನು ಕೀಳಲು ಹೋದಾಗ ನಾವು ತಡೆದೆವು. ಅದರಲ್ಲಿರುವ ಕಾಲ್ಚಿಸೀನ್ ಪ್ರಾಣಾಪಾಯಕಾರಿ ವಿಷ. ಅದನ್ನೇ ವೈದ್ಯರು ಅಳತೆಯರಿತು ಕೀಲುವಾತದ ಒಂದು ಬಗೆಗೆ ಕೊಡುತ್ತಾರೆ.

ತುದಿಯಿಂದ ಕಂಡ ನೋಟ

ಮಧ್ಯಾಹ್ನ ತುದಿಯನ್ನು ತಲುಪಿ ಬುತ್ತಿ ಬಿಚ್ಚಿದೆವು. ಪೂರ್ವಕ್ಕೆ ಗಣಿಪಟ್ಟಣದ ನಡುವೆ ಬೋಳು ದಿಬ್ಬಗಳು ಬಿಸಿಲಿಗೆ ಬೆಳ್ಳಗೆ ಕಾಣುತ್ತಿದ್ದವು. ಮಿತ್ರರು ಬಹಳ ಹೊತ್ತು ಸುಮ್ಮನಿದ್ದು ಹೇಳಿದರು: “ಅದೇ ನಮ್ಮ ಬೆಟ್ಟ. ಆಷಾಢದ ಗಾಳಿ ಎದ್ದರೆ ಅನ್ನದ ತಟ್ಟೆಯ ಮೇಲೂ ಅದರ ಧೂಳು. ನಮ್ಮಮ್ಮ ಕಿಟಕಿಗೆ ಒದ್ದೆ ಬಟ್ಟೆ ಕಟ್ಟುತ್ತಿದ್ದರು. ಕಲ್ಲಿನ ಮೇಲೆ ಹೂವು ಬರುವುದಾದರೆ ಅಲ್ಲೇಕೆ ಬಾರದು?”

ಪ್ರಶ್ನೆ ನ್ಯಾಯವಾದುದೇ. ಅದಿರನ್ನು ಹಿಟ್ಟಿನಂತೆ ಅರೆದು, ಸಯನೈಡ್ ದ್ರಾವಣದಿಂದ ಚಿನ್ನವನ್ನು ಬೇರ್ಪಡಿಸಿ, ಉಳಿದ ಕೆಸರನ್ನು ಸುರಿದುದೇ ಆ ದಿಬ್ಬಗಳು. ಅವುಗಳ ಒಟ್ಟು ತೂಕ 3 ಕೋಟಿ ಟನ್ನುಗಳಿಗೂ ಹೆಚ್ಚು. ಸಯನೈಡಿನ ಬಹುಭಾಗ ಬಿಸಿಲು ಗಾಳಿಗಳಿಗೆ ಕ್ರಮೇಣ ವಿಭಜನೆಯಾಗುತ್ತದೆ. ಆದರೆ ಹಿಟ್ಟಿನಲ್ಲಿ ಕೊಳೆತ ಎಲೆಯಿಲ್ಲ, ಜೀವಾಣುಗಳ ಸಮೃದ್ಧಿಯಿಲ್ಲ, ಬೇರಿಗೆ ಹಿಡಿತವಿಲ್ಲ. ಮಳೆ ಅದನ್ನು ಕೊರೆಯುತ್ತದೆ, ಗಾಳಿ ಹೊತ್ತೊಯ್ಯುತ್ತದೆ. ಬಂಡೆ ಕದಲದೆ ನಿಂತು ಕಲ್ಲುಹೂವಿಗೆ ಶತಮಾನಗಳ ಅವಕಾಶ ಕೊಟ್ಟಿತು. ಕದಲುವ ಹಿಟ್ಟು ಒಂದು ವರ್ಷದ ಅವಕಾಶವನ್ನೂ ಕೊಡದು.

ಹಾಗೆಂದು ಅಲ್ಲಿ ಹಸುರು ಅಸಾಧ್ಯವಲ್ಲ. ಮೊದಲು ಗಾಳಿಯನ್ನು ತಡೆಯಬೇಕು. ಮೇಲೆ ಮಣ್ಣು ಗೊಬ್ಬರ ಹೊದಿಸಬೇಕು. ಹುಲ್ಲನ್ನೂ ಬೇರುಗಂಟಿನ ಸಸ್ಯಗಳನ್ನೂ ನೆಡಬೇಕು. ಬೆಟ್ಟ ಸಾವಿರಾರು ವರ್ಷಗಳಲ್ಲಿ ಕಲಿಸಿದ ಪಾಠವನ್ನು ಮನುಷ್ಯ ಕೆಲವು ದಶಕಗಳಲ್ಲಿ ಒಪ್ಪಿಸುವುದೆಂದರೆ ಇದೇ. ಇತ್ತ ದಿಬ್ಬಗಳಲ್ಲಿ ಉಳಿದ ಚಿನ್ನವನ್ನು ಮತ್ತೆ ತೆಗೆಯುವ ಯೋಜನೆಗೆ 2024ರಲ್ಲಿ ರಾಜ್ಯ ಸರ್ಕಾರ ಒಪ್ಪಿಗೆ ನೀಡಿದೆ. ಮತ್ತೆ ಅಗೆಯುವುದಾದರೆ, ಚಿನ್ನದ ಲೆಕ್ಕದೊಡನೆ ಧೂಳಿನ ಲೆಕ್ಕವನ್ನೂ ಇಡಬೇಕಾದುದು ಅವಶ್ಯ.

ಸಂಜೆ ಇಳಿಯುವಾಗ ದಿಬ್ಬವೊಂದರ ಅಂಚಿನ ದಾರಿಯಲ್ಲಿ ಬಂದೆವು. ಬುಡದಲ್ಲಿ, ಮಳೆನೀರು ತಂದ ಕಸ ನಿಂತ ಕಡೆ, ಒಂದು ಎಕ್ಕದ ಗಿಡ ಹೂ ಬಿಟ್ಟಿತ್ತು. ಮಿತ್ರರು ಭೂತಗನ್ನಡಿಯನ್ನು ಕೇಳಿ ಪಡೆದು ರೈಲಿನ ಹೊತ್ತಾಗುವವರೆಗೂ ಅದನ್ನೇ ನೋಡುತ್ತ ಕುಳಿತರು.

ವಿದ್ಯಾರ್ಥಿಗಳೇ, ನಿಮ್ಮ ಊರಿನ ಬಳಿಯೂ ಒಂದು ಗುಡ್ಡವಿದ್ದೀತು. ಮಳೆಗಾಲದ ಕೊನೆಯಲ್ಲಿ ಒಮ್ಮೆ ಹತ್ತಿ ನೋಡಿರಿ. ಹೂವನ್ನು ಕೀಳಬೇಡಿರಿ, ಅದು ನಿಂತಿರುವ ಮಣ್ಣು ಎಲ್ಲಿಂದ ಬಂದಿತೆಂದು ಮಾತ್ರ ಕೇಳಿಕೊಳ್ಳಿರಿ.