ನೂರು ಜನ ಇಳಿಯುವ ದ್ವೀಪ

ಅಡಿಗೆಮನೆಯ ಹೆಂಚು ಬಂದೂಕಿನ ಗುಂಡನ್ನು ತಡೆಯಬಲ್ಲದೆಂದರೆ ನಂಬುವವರು ಯಾರು? ಹಾಸನದ ಯಾವನಾದರೊಬ್ಬ ಕಾಲೇಜು ಹುಡುಗನನ್ನು ಕೇಳಿ ನೋಡಿ. ಅವನು ನಗುವುದಿಲ್ಲ. ‘ತಡೆಯುತ್ತದೆ, ಸೊಂಟದ ಹಿಂದೆ ತೂಗುಹಾಕಿಕೊಂಡಿರಬೇಕು, ಅಷ್ಟೆ’ ಎಂದು ಗಂಭೀರವಾಗಿಯೇ ಉತ್ತರ ಕೊಡುತ್ತಾನೆ.

ಅವನು ಹೇಳುತ್ತಿರುವುದು ಪಬ್‌ಜಿ ಎಂಬ ಆಟದ ಮಾತು. ನಮ್ಮ ದೇಶದಲ್ಲಿ ಈಗ ಅದಕ್ಕೆ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಎಂದು ಹೆಸರು. ಬಿಜಿಎಂಐ ಎಂಬುದು ಅದರ ಸಂಕ್ಷೇಪ. ಆದರೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ತಾಯಂದಿರ ಬಾಯಲ್ಲಿ ಅದು ಇಂದಿಗೂ ಪಬ್‌ಜಿಯೇ. ಮಕ್ಕಳ ಕಣ್ಣಿಗೆ ಅದರಲ್ಲಿ ಕಾಣುವುದೆಲ್ಲ ಗುಣ, ಹಿರಿಯರ ಕಣ್ಣಿಗೆ ಕಾಣುವುದೆಲ್ಲ ದೋಷ. ವಿಚಿತ್ರವೆಂದರೆ, ಇಬ್ಬರೂ ಬೆರಳಿಟ್ಟು ತೋರಿಸುತ್ತಿರುವುದು ಬಹುಮಟ್ಟಿಗೆ ಒಂದೇ ಸಂಗತಿಯನ್ನು.

ಆಟಗಾರನ ಕಣ್ಣಿನಿಂದಲೇ ರಣರಂಗವನ್ನು ಕಂಡು ಗುಂಡು ಹಾರಿಸುವ ಆಟಗಳು ಹೊಸವಲ್ಲ. ಅಮೆರಿಕದ ಇಡ್ ಸಾಫ್ಟ್‌ವೇರ್ ಸಂಸ್ಥೆ 1992ರಲ್ಲಿ ವುಲ್ಫೆನ್‌ಸ್ಟೈನ್ 3ಡಿಯನ್ನೂ 1993ರಲ್ಲಿ ಡೂಮ್ ಎಂಬುದನ್ನೂ ಹೊರತಂದಂದಿನಿಂದ ಈ ಪದ್ಧತಿ ಬೇರೂರಿತು. ಬ್ರೆಂಡನ್ ಗ್ರೀನ್ ಎಂಬ ಐರ್ಲೆಂಡಿನವನು, 2000ದಲ್ಲಿ ತೆರೆಕಂಡ ಬ್ಯಾಟಲ್ ರಾಯಲ್ ಎಂಬ ಜಪಾನೀ ಚಲನಚಿತ್ರದಿಂದ ಪ್ರೇರಿತನಾಗಿ, ಇದಕ್ಕೊಂದು ಹೊಸ ತಿರುವು ಕೊಟ್ಟನು. ದಕ್ಷಿಣ ಕೊರಿಯದ ಬ್ಲೂಹೋಲ್ ಸಂಸ್ಥೆಯ ಆಶ್ರಯದಲ್ಲಿ 2017ರಲ್ಲಿ ಅವನ ಆಟ ಗಣಕಯಂತ್ರಗಳಿಗೆ ಬಂದಿತು. 2018ರಲ್ಲಿ ಮೊಬೈಲಿಗೆ ಇಳಿಯಿತು. ಅಷ್ಟು ಹೊತ್ತಿಗೆ ನಮ್ಮ ಹುಡುಗರ ಕೈಯಲ್ಲಿ ಫೋನು ಸಿದ್ಧವಾಗಿತ್ತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಕಾಲಿಟ್ಟ ಮೇಲೆ ಅಂತರ್ಜಾಲದ ಬೆಲೆ ನೆಲಕ್ಕಿಳಿದಿತ್ತು. ಗಂಟೆಗಿಷ್ಟೆಂದು ಕಾಸು ತೆತ್ತು ಸೈಬರ್ ಕೆಫೆಯಲ್ಲಿ ಕೌಂಟರ್‌ಸ್ಟ್ರೈಕ್ ಆಡುವ ಕಾಲ ಹೋಗಿ, ಮನೆಯ ಜಗುಲಿಯೇ ಯುದ್ಧಭೂಮಿಯಾಯಿತು.

ಆಟದ ಕ್ರಮ ಹೀಗೆ. ನೂರು ಮಂದಿ ಒಂದು ವಿಮಾನದಲ್ಲಿ ಹೊರಡುತ್ತಾರೆ. ತಮಗೆ ಬೇಕೆನಿಸಿದಲ್ಲಿ ಪ್ಯಾರಾಚೂಟಿನಿಂದ ದ್ವೀಪಕ್ಕೆ ಇಳಿಯುತ್ತಾರೆ. ಇಳಿದಾಗ ಎಲ್ಲರದೂ ಬರಿಗೈ. ಪಾಳುಮನೆಗಳನ್ನು ಶೋಧಿಸಿ ಬಂದೂಕು, ಶಿರಸ್ತ್ರಾಣ, ಔಷಧಿಗಳನ್ನು ಕೂಡಿಸಿಕೊಳ್ಳಬೇಕು. ಅಷ್ಟರಲ್ಲಿ ನೀಲಿಯ ವರ್ತುಲವೊಂದು ದ್ವೀಪವನ್ನು ಸುತ್ತುವರಿದು ಕಿರಿದಾಗುತ್ತ ಬರುತ್ತದೆ. ಅದರ ಹೊರಗುಳಿದವನಿಗೆ ಉಳಿಗಾಲವಿಲ್ಲ. ಕಡೆಗೆ ಉಳಿದವನು, ಅಥವಾ ಉಳಿದ ತಂಡ, ಗೆದ್ದಂತೆ. ಎರಾಂಗೆಲ್ ಎಂಬ ಮೊದಲ ದ್ವೀಪ 8 ಕಿಲೋಮೀಟರ್ ಉದ್ದ, 8 ಕಿಲೋಮೀಟರ್ ಅಗಲ. ಅದರ ನಡುವಿನ ಪೊಚಿಂಕಿ ಎಂಬ ಊರಿನಲ್ಲಿ ಯಾವ ಮನೆಗೆ ಎಷ್ಟು ಕಿಟಕಿ ಎಂಬುದು, ಗೊರೂರಿನ ಅಣೆಕಟ್ಟನ್ನೇ ನೋಡದ ಹುಡುಗನಿಗೂ ಕಂಠಪಾಠ!

ಈ ಆಟದಲ್ಲಿ ಮೆಚ್ಚತಕ್ಕದ್ದೇನೆಂಬುದನ್ನು ಮೊದಲು ಹೇಳಬೇಕು. ಮೆಚ್ಚದೆ ಬೈಯುವವರ ಮಾತಿಗೆ ಹುಡುಗರು ಕಿವಿಗೊಡುವುದಿಲ್ಲ.

ಸಮಾನತೆ ಅದರ ಮೊದಲ ಗುಣ. ಸಿರಿವಂತನ ಮಗನೂ ಕಂಡಕ್ಟರನ ಮಗನೂ ಬರಿಗೈಯಲ್ಲೇ ಇಳಿಯುತ್ತಾರೆ. ದುಡ್ಡು ಕೊಟ್ಟರೆ ಬಣ್ಣದ ಅಂಗಿ, ಬಂದೂಕಿಗೆ ಚಿತ್ತಾರ ದೊರೆಯಬಹುದು. ಗುಂಡಿನ ಬಲ ಹೆಚ್ಚುವುದಿಲ್ಲ. ಬೆಲೆಯುಳ್ಳ ಫೋನಿನಲ್ಲಿ ಚಿತ್ರ ನುಣುಪಾಗಿ ಓಡುತ್ತದೆಂಬುದು ನಿಜ, ಆದರೂ ಸಾಧಾರಣ ಫೋನಿನಲ್ಲಿ ಆಡಿ ಗೆಲ್ಲುವುದು ಅಸಾಧ್ಯವಲ್ಲ. ಎರಡನೆಯ ಗುಣ ಅದರ ಮೌನ. ಗುಂಡಿನ ಸದ್ದೇ ಆಟವೆಂದು ಹೊರಗಿನವರು ಭಾವಿಸುತ್ತಾರೆ. ನಿಜವಾಗಿ ಅರ್ಧಕ್ಕೂ ಮಿಕ್ಕ ಕಾಲ ಕಾಯುವುದರಲ್ಲಿ, ಕಿವಿಗೊಡುವುದರಲ್ಲಿ ಕಳೆಯುತ್ತದೆ. ಮರದ ನೆಲದ ಮೇಲಿನ ಹೆಜ್ಜೆಯೇ ಬೇರೆ, ಹುಲ್ಲಿನ ಮೇಲಿನ ಹೆಜ್ಜೆಯೇ ಬೇರೆ. ಪುಸ್ತಕದ ಮುಂದೆ ಹತ್ತು ನಿಮಿಷ ಕೂರಲಾರದವನು ಇಲ್ಲಿ ಪೊದೆಯೊಳಗೆ ಉಸಿರು ಬಿಗಿಹಿಡಿದು ಕಾಯುತ್ತಾನೆ. ಬೆನ್ನ ಹಿಂದಿನಿಂದ ನೋಡುತ್ತ ಆಡುವ ಕ್ರಮವೂ, ಪಾತ್ರದ ಕಣ್ಣಿನಿಂದಲೇ ನೋಡಿ ಆಡುವ ಕ್ರಮವೂ ಇದರಲ್ಲಿ ಉಂಟು. ಹೆಚ್ಚು ಮಂದಿ ಆಡುವುದು ಮೊದಲನೆಯದನ್ನು, ಪ್ರಾಮಾಣಿಕವಾದುದು ಎರಡನೆಯದು. ಮೊದಲನೆಯದರಲ್ಲಿ ಗೋಡೆಯ ಮರೆಯಲ್ಲಿ ನಿಂತೇ ಆಚೆಯವನನ್ನು ನೋಡಿಬಿಡಬಹುದು. ಎರಡನೆಯದರಲ್ಲಿ ನೋಡಬೇಕಾದವನು ತಲೆ ಹೊರಗಿಡಲೇಬೇಕು.

ಇವೆಲ್ಲಕ್ಕಿಂತ ಹಿರಿದಾದುದು ಸ್ನೇಹ. ಒಂದು ತಂಡಕ್ಕೆ ನಾಲ್ವರು. ಪಿಯುಸಿಯವರೆಗೆ ಒಂದೇ ಬೆಂಚಿನಲ್ಲಿ ಕೂತವರಲ್ಲಿ ಒಬ್ಬ ಹಾಸನದಲ್ಲಿ ಎಂಜಿನಿಯರಿಂಗ್ ಸೇರುತ್ತಾನೆ, ಒಬ್ಬ ಹೊಳೆನರಸೀಪುರದಲ್ಲಿ ಅಂಗಡಿಗೆ ಕೂರುತ್ತಾನೆ, ಮತ್ತೊಬ್ಬ ಅರಕಲಗೂಡಿನ ಕಡೆ ಹೊಗೆಸೊಪ್ಪು, ಆಲೂಗೆಡ್ಡೆಯ ಬೇಸಾಯ ನೋಡಿಕೊಳ್ಳುತ್ತಾನೆ, ಇನ್ನೊಬ್ಬ ಚನ್ನರಾಯಪಟ್ಟಣದ ತೆಂಗಿನ ತೋಟ ಬಿಟ್ಟು ಬೆಂಗಳೂರಿನ ಬಸ್ಸು ಹತ್ತುತ್ತಾನೆ. ಹಾಸನದಿಂದ ಉಳಿದ ಮೂರೂರುಗಳು 30–40 ಕಿಲೋಮೀಟರ್ ದೂರದವೇ ಆದರೂ ದಿನವೂ ಕೂಡಲು ಸಾಧ್ಯವೆ? ರಾತ್ರಿ ಒಂಬತ್ತಕ್ಕೆ ನಾಲ್ವರೂ ದ್ವೀಪದಲ್ಲಿ ಕೂಡುತ್ತಾರೆ. ‘ಎಡಗಡೆ ಮನೇಲಿ ಒಬ್ಬ ಇದಾನೆ ಕಣೋ, ತಡಿ, ನುಗ್ಗಬೇಡ’ ಎಂಬ ಮಾತಿನ ನಡುನಡುವೆ ತಂದೆಯ ಕಾಯಿಲೆ, ತಂಗಿಯ ಮದುವೆ, ಸಿಗದ ಕೆಲಸ ಎಲ್ಲವೂ ಬಂದುಹೋಗುತ್ತವೆ. 2020ರ ಲಾಕ್‌ಡೌನಿನ ತಿಂಗಳುಗಳಲ್ಲಿ ಎಷ್ಟೋ ಹುಡುಗರಿಗೆ ಗೆಳೆಯರ ದನಿ ಕೇಳಿದ್ದೇ ಹೀಗೆ. ಅರಕಲಗೂಡಿನ ಮಳೆಗಾಲದಲ್ಲಿ ಕರೆಂಟು ಹೋಗಿ ಸಿಗ್ನಲ್ ಸತ್ತಾಗ, ಉಳಿದ ಮೂವರು ಅವನ ನಿಶ್ಚಲವಾದ ಬೊಂಬೆಯನ್ನು ಕಾಯುತ್ತ ನಿಲ್ಲುವುದೂ ಉಂಟು.

ದೋಷ ಹುಟ್ಟುವುದು ಇಲ್ಲಿಯೇ. ಚದುರಂಗದ ಕಾಯಿಗಳನ್ನು ಇದ್ದಲ್ಲೇ ಬಿಟ್ಟು ಊಟಕ್ಕೆ ಏಳಬಹುದು. ಚೌಕಾಬಾರದ ಕವಡೆ ಕೆಳಗಿಟ್ಟು ಬಂದ ನೆಂಟರನ್ನು ಮಾತನಾಡಿಸಬಹುದು. ಇಲ್ಲಿ ಆಟವನ್ನು ನಡುವೆ ತಡೆದು ನಿಲ್ಲಿಸುವ ಗುಂಡಿಯೇ ಇಲ್ಲ. ನೂರು ಜನರ ಆಟವನ್ನು ಒಬ್ಬನಿಗಾಗಿ ನಿಲ್ಲಿಸುವುದಾದರೂ ಹೇಗೆ? ಒಂದು ಪಂದ್ಯ ಕೊನೆಯವರೆಗೆ ನಡೆದರೆ ಸುಮಾರು ಅರ್ಧ ಗಂಟೆ. ಅಡಿಗೆಮನೆಯಿಂದ ‘ಬಾರೋ’ ಎಂದು ಕೂಗಿದಾಗ ಮಗ ‘ಬಂದೆ ಕಣಮ್ಮ, ಒಂದೇ ನಿಮಿಷ’ ಎನ್ನುತ್ತಾನೆ. ಅದು ಉದ್ಧಟತನವಲ್ಲ, ಎದ್ದರೆ ಮೂವರು ಗೆಳೆಯರಿಗೆ ದ್ರೋಹವೆಂದು ಅವನ ಭಾವನೆ. ಆದರೆ ಆ ಮೂವರ ಮೇಲಿನ ನಿಷ್ಠೆಯೇ ತಾಯಿಗೆ ಅನಾದರವಾಗಿ ಕಾಣುತ್ತದೆ. ಅವನು ಮೊದಲೇ ಸತ್ತರೂ ಆಟ ಬಿಡದು. ಉಳಿದವರು ಹೇಗೆ ಆಡುತ್ತಾರೆಂದು ನೋಡುತ್ತ ಕೂರುತ್ತಾನೆ. ಪಂದ್ಯ ಮುಗಿದೊಡನೆ ‘ಇನ್ನೊಂದು’. ಎರಡು ತಿಂಗಳು ಹೆಣಗಿ ಏರಿದ ಅಂತಸ್ತು ಹೊಸ ಋತು ಬಂದಾಗ ಕೆಳಗಿಳಿಯುತ್ತದೆ, ಮತ್ತೆ ಏರಬೇಕು.

ಮಿಕ್ಕ ದೋಷಗಳು ಸಣ್ಣವು, ಆದರೆ ಹುಡುಗರೇ ಗೊಣಗುವಂಥವು. ಗೋಡೆಯಾಚೆಯವರನ್ನು ಕಾಣಿಸುವ, ಗುರಿಯನ್ನು ತಾನೇ ಹಿಡಿಯುವ ಕಳ್ಳತಂತ್ರಾಂಶಗಳು ಎಂದೂ ಪೂರ್ತಿ ತೊಲಗಿಲ್ಲ. ಹೊಸಬನ ಎದುರಾಳಿಗಳಲ್ಲಿ ಅನೇಕರು ಮನುಷ್ಯರೇ ಅಲ್ಲ, ಯಂತ್ರ ನಡೆಸುವ ಬೊಂಬೆಗಳು. ಅವನ್ನು ಹೊಡೆದು ಮಹಾವೀರನೆಂದು ಬೀಗಿದವನು ಮೇಲಿನ ಅಂತಸ್ತಿನಲ್ಲಿ ಮುಗ್ಗರಿಸುತ್ತಾನೆ. ಅಪರಿಚಿತರ ತಂಡದಲ್ಲಿ ಕೇಳಿಬರುವ ಬೈಗುಳಗಳ ಭಾಷೆಯಂತೂ ಅಸಹ್ಯ. ಆಡುವ ಹೆಣ್ಣುಮಕ್ಕಳು ದನಿ ಕೇಳಿಸದಂತೆ ಮೈಕು ಆರಿಸಿಬಿಡುವುದು ಇದೇ ಕಾರಣಕ್ಕೆ. ಬಣ್ಣದ ಅಂಗಿಗಳಿರುವ ಪೆಟ್ಟಿಗೆಗಳನ್ನು ದುಡ್ಡು ಕೊಟ್ಟು ತೆರೆಯಬೇಕು, ಏನು ಬರುವುದೋ ಅದೃಷ್ಟ. ಆಟದ ಬಲ ಮಾರಾಟಕ್ಕಿಲ್ಲವೆಂದು ಹೊಗಳಿದ ಮೇಲೂ ಇದಕ್ಕೆ ಜೂಜಿನ ವಾಸನೆ ಇದೆಯೆಂದು ಹೇಳಲೇಬೇಕು.

ಸರ್ಕಾರವೂ ಈ ಆಟದ ಮೇಲೆ ಕೈಯಿಟ್ಟಿತು. 2020ರ ಸೆಪ್ಟೆಂಬರ್ 2ರಂದು ನಿಷೇಧಕ್ಕೊಳಗಾದ 118 ಆ್ಯಪುಗಳಲ್ಲಿ ಪಬ್‌ಜಿಯೂ ಒಂದಾಯಿತು. ಅನೇಕ ತಂದೆತಾಯಿಗಳು ಮಕ್ಕಳ ಓದಿಗಾಗಿ ಆದ ಕ್ರಮವೆಂದು ಹಿಗ್ಗಿದರು. ಕಾರಣ ಬೇರೆ: ಗಾಲ್ವಾನಿನ ಘರ್ಷಣೆಯ ತರುವಾಯ ಚೀನದ ನಂಟುಳ್ಳ ಆ್ಯಪುಗಳಿಂದ ದೇಶದ ಭದ್ರತೆಗೂ ಜನರ ಮಾಹಿತಿಗೂ ಅಪಾಯವೆಂದು ಆದೇಶ ಹೇಳಿತ್ತು. ಬೆಂಗಳೂರಿನ ಎನ್‌ಕೋರ್ ಗೇಮ್ಸ್ ಸಂಸ್ಥೆ 2021ರ ಗಣರಾಜ್ಯೋತ್ಸವದಂದು ಫೌ-ಜಿ ಎಂಬ ಸ್ವದೇಶೀ ಆಟವನ್ನು ತಂದಿತು. ಆದರೆ ಹುಡುಗರು ಹುಡುಕುತ್ತಿದ್ದ ನೂರು ಜನರ ದ್ವೀಪ ಅದರಲ್ಲಿರಲಿಲ್ಲ. ಅದೇ ವರ್ಷದ ಜುಲೈ 2ರಂದು ಕೊರಿಯದ ಕ್ರಾಫ್ಟನ್ ಸಂಸ್ಥೆ ಹೊಸ ಹೆಸರಿನಿಂದ ಹಳೆಯ ಆಟವನ್ನೇ ಮರಳಿಸಿತು. 2022ರ ಜುಲೈಯಲ್ಲಿ ಮತ್ತೆ ತಡೆ, 2023ರ ಮೇಯಲ್ಲಿ ಮತ್ತೆ ಪ್ರವೇಶ. ಈ ಅವತಾರದಲ್ಲಿ ರಕ್ತದ ಬಣ್ಣ ಹಸಿರಾಯಿತು. ‘ಕೊಂದ’ ಎಂಬಲ್ಲಿ ‘ಮುಗಿಸಿದ’ ಎಂದಾಯಿತು. ಹದಿನೆಂಟು ತುಂಬದವರಿಗೆ ದಿನಕ್ಕೆ 3 ಗಂಟೆಯ ಮಿತಿ ಹಾಕಿದರು. ಶಾಲೆಯ ದಿನದಲ್ಲಿ 3 ಗಂಟೆಯನ್ನು ಮಿತಿಯೆಂದು ಕರೆಯುವುದು ಹಸಿರು ರಕ್ತದಷ್ಟೇ ಸೋಜಿಗ.

ಭಯದ ವಿಚಾರವನ್ನೂ ನೇರವಾಗಿ ನೋಡುವುದು ಲೇಸು. 2019ರ ಸೆಪ್ಟೆಂಬರಿನಲ್ಲಿ ಬೆಳಗಾವಿ ಜಿಲ್ಲೆಯಲ್ಲಿ ಪಬ್‌ಜಿಯ ಗೀಳು ಹಿಡಿದಿದ್ದ ಯುವಕನೊಬ್ಬ ತಂದೆಯನ್ನೇ ಕೊಂದನೆಂಬ ಸುದ್ದಿ ನಾಡನ್ನು ನಡುಗಿಸಿತು. ಆದರೆ ಅಮೆರಿಕದ ಮನಶ್ಶಾಸ್ತ್ರ ಸಂಘ 2020ರಲ್ಲಿ ಸಂಶೋಧನೆಗಳನ್ನು ಮರುಪರಿಶೀಲಿಸಿ, ಇಂಥ ಆಟಗಳಿಂದಲೇ ಘೋರ ಹಿಂಸೆ ಹುಟ್ಟುತ್ತದೆನ್ನಲು ಸಾಕಷ್ಟು ಆಧಾರವಿಲ್ಲವೆಂದಿತು. ಕೂಗಾಟ, ತಳ್ಳಾಟದಂಥ ಸಿಡುಕಿಗೆ ಸ್ವಲ್ಪಮಟ್ಟಿನ ಸಂಬಂಧ ಉಂಟೆಂದೂ ಒಪ್ಪಿತು. ಮನೆಗಳಲ್ಲಿ ಕಾಣುವುದೂ ಈ ಸಿಡುಕನ್ನೇ. ಅದಕ್ಕಿಂತ ಮುಂದೆ ಹೋದಾಗ ಅದು ಕಾಯಿಲೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ ರೋಗಗಳ ಪಟ್ಟಿಯಲ್ಲಿ ಆಟದ ಗೀಳೂ ಸೇರಿದೆ: ಆಟದ ಮೇಲೆ ಹತೋಟಿ ತಪ್ಪುವುದು, ಉಳಿದೆಲ್ಲಕ್ಕಿಂತ ಅದೇ ಹೆಚ್ಚಾಗುವುದು, ಕೆಡುಕಾದರೂ ಬಿಡಲಾಗದಿರುವುದು, ಇವು ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ ಕಂಡುಬಂದರೆ ಮಾತ್ರ ಆ ಹೆಸರು. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿಯೇ ಇಂಥವರಿಗಾಗಿ ‘ಶಟ್’ ಎಂಬ ಪ್ರತ್ಯೇಕ ಚಿಕಿತ್ಸಾಲಯವನ್ನು ತೆರೆಯಿತು.

ಈ ಆಟವೇ ಜೀವನೋಪಾಯವಾಗಬಹುದೆಂಬ ಆಸೆಯೂ ಕೆಲವರಿಗಿದೆ. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಪಬ್‌ಜಿಗೆ ಪದಕವಿತ್ತು. 2025ರ ಕಾಯಿದೆ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸಿಗೆ ಮಾನ್ಯತೆ ಕೊಟ್ಟಿತು. ಆದರೆ ಆ ದ್ವೀಪದಲ್ಲಿಯೂ ನೂರರಲ್ಲಿ ಉಳಿಯುವವರು ಬೆರಳೆಣಿಕೆ. ಪದವಿಯ ಪರೀಕ್ಷೆಯನ್ನು ಬದಿಗಿಟ್ಟು ಅದನ್ನು ನೆಚ್ಚುವುದು ಜಾಣತನವಲ್ಲ.

ಫೋನು ಕಿತ್ತುಕೊಳ್ಳುವ ಮನೆಗಳಲ್ಲಿ ಜಗಳವೇ ಉಳಿಯುತ್ತದೆ. ಗಡಿಯಾರ ತೋರಿಸಿ ಗದರುವುದಕ್ಕಿಂತ ಪಂದ್ಯಗಳನ್ನು ಎಣಿಸುವುದು ಮೇಲು: ಊಟಕ್ಕೆ ಮೊದಲು ಒಂದು, ಓದು ಮುಗಿದ ಮೇಲೆ ಒಂದು. ಹಾಗೆ ಗೊತ್ತುಮಾಡಿದರೆ ಅರ್ಧದಲ್ಲಿ ಏಳಿಸುವ ಪ್ರಸಂಗ ಬಾರದು, ಗೆಳೆಯರ ಮುಂದೆ ಅವನ ಮುಖವೂ ಕೆಡದು. ಇನ್ನೂ ಎಷ್ಟು ಮಂದಿ ಬದುಕಿದ್ದಾರೆಂಬ ಲೆಕ್ಕ ಪರದೆಯ ಮೇಲ್ಭಾಗದಲ್ಲಿಯೇ ಕಾಣುತ್ತಿರುತ್ತದೆ. ಅಡಿಗೆಮನೆಯಿಂದ ‘ಎಷ್ಟು ಜನ ಉಳಿದಿದ್ದಾರೋ?’ ಎಂದು ಕೇಳಿದರಾಯಿತು. ಎಪ್ಪತ್ತೆಂದರೆ ಮುದ್ದೆಗೆ ಎಸರಿಡಲು ಇನ್ನೂ ಹೊತ್ತಿದೆ. ಹತ್ತು ಎಂದರೆ ಹಿಟ್ಟು ಹಾಕಿ ತೊಳಸಬಹುದು.