ಆ ಕಾರಿನ ಧೂಳು ತಲೆಗೆ ತಾಗಲಿ ಎಂದವರು

ಮಂಗಳೂರಿನ ಪುರಭವನಕ್ಕೆ ಕುದ್ಮುಲ್ ರಂಗರಾಯರ ಹೆಸರಿದೆ. ನಾಟಕ, ಸನ್ಮಾನ, ಸಮ್ಮೇಳನಗಳಿಗೆಂದು ಅಲ್ಲಿಗೆ ಹೋಗಿಬರುವ ಎಷ್ಟೋ ಮಂದಿಗೆ ಆ ಹೆಸರಿನ ಹಿಂದಿನ ಬದುಕು ಗೊತ್ತಿಲ್ಲ. ಅದು ಎಲ್ಲರಿಗೂ ಗೊತ್ತಿರಬೇಕಾದ ಬದುಕು.

1859ರಲ್ಲಿ ಕಾಸರಗೋಡು ಸೀಮೆಯ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ ಹುಟ್ಟಿದ ರಂಗರಾಯರು ಮಂಗಳೂರಿಗೆ ಬಂದು ಮೊದಲು ಮೇಷ್ಟ್ರಾದರು, ಆಮೇಲೆ ವಕೀಲರಾದರು. ಬ್ರಹ್ಮಸಮಾಜದ ಒಡನಾಟ ಅವರನ್ನು ದಲಿತರ ಕೇರಿಗಳಿಗೆ ಕರೆದೊಯ್ದಿತು. 1892ರಲ್ಲಿ ಅಲ್ಲಿನ ಮಕ್ಕಳಿಗಾಗಿಯೇ ಶಾಲೆ ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಊರು ಸುಮ್ಮನಿರಲಿಲ್ಲ. ಸ್ವಜಾತಿಯವರು ಬಹಿಷ್ಕಾರ ಹಾಕಿದರು. ಪಾಠ ಹೇಳಲು ಮೇಲ್ಜಾತಿಯ ಮೇಷ್ಟ್ರುಗಳು ಒಪ್ಪಲಿಲ್ಲ. ಕೈಹಿಡಿದವರು ಕ್ರೈಸ್ತ ಶಿಕ್ಷಕರು.

ಶಾಲೆ ತೆರೆದರೂ ಮಕ್ಕಳು ಬರಬೇಕಲ್ಲ! ಕೂಲಿಯಿಂದಲೇ ಒಲೆ ಉರಿಯುವ ಮನೆಯಲ್ಲಿ ಮಗು ಅಕ್ಷರ ಕಲಿಯಲು ಹೊರಟರೆ ಅಂದಿನ ಗಂಜಿಗೆ ಕುತ್ತು. ರಂಗರಾಯರು ಇದನ್ನು ಬೇಗ ಅರಿತರು. ಮಕ್ಕಳಿಗೆ ಮಧ್ಯಾಹ್ನದ ಊಟ ಹಾಕಿದರು, ಶಾಲೆಗೆ ಬಂದ ದಿನಕ್ಕೆಂದು ಕೈಗೆ ಕಾಸನ್ನೂ ಕೊಟ್ಟರು. ಓದಿದವರಿಗೆ ಕೆಲಸ ಬೇಕಲ್ಲವೇ ಎಂದು ನೇಯ್ಗೆ, ಮರಗೆಲಸ ಕಲಿಸಿದರು. ದೂರದ ಮಕ್ಕಳಿಗೆ ವಿದ್ಯಾರ್ಥಿ ನಿಲಯ ಮಾಡಿದರು. ಧಣಿಯ ನೆಲದಲ್ಲಿ ಗುಡಿಸಲು ಹಾಕಿಕೊಂಡವನು ಧಣಿಯ ಮಾತು ಮೀರಿ ಮಗನನ್ನು ಓದಿಸಲಾರ ಎಂದು ಕಂಡು, ಸರ್ಕಾರದಿಂದ ಜಮೀನು ಪಡೆದು ಮನೆ ಕಟ್ಟಿಕೊಳ್ಳಲು ಕೊಟ್ಟರು. ಒಂದು ಅಡ್ಡಿ ದಾಟಿದರೆ ಮತ್ತೊಂದು ಎದುರಾಗುತ್ತಿತ್ತು. ಪ್ರತಿಯೊಂದನ್ನೂ ಅವರು ತಮ್ಮ ಕೆಲಸವೆಂದೇ ತಿಳಿದರು.

ಅವರ ಆಸೆಯೊಂದನ್ನು ಮಂಗಳೂರಿನಲ್ಲಿ ಇಂದಿಗೂ ನೆನೆಯುತ್ತಾರೆ. ತಮ್ಮ ಶಾಲೆಯಲ್ಲಿ ಕಲಿತ ಮಗು ದೊಡ್ಡ ಹುದ್ದೆಗೇರಿ ಕಾರಿನಲ್ಲಿ ಊರ ರಸ್ತೆಯಲ್ಲಿ ಹೋಗಬೇಕು, ಆ ಕಾರಿನ ಧೂಳು ತಮ್ಮ ತಲೆಗೆ ತಾಗಬೇಕು, ಆಗ ಜನ್ಮ ಸಾರ್ಥಕ ಎಂಬುದು ಅದು. ಆ ಮಗು ಬಂದು ಕಾಲಿಗೆ ಬೀಳಲಿ ಎಂದು ಅವರು ಬಯಸಲಿಲ್ಲ. ತಮಗಿಂತ ಎತ್ತರದಲ್ಲಿ ಕುಳಿತು ಮುಂದೆ ಸಾಗಲಿ ಎಂದರು. ದಾನದ ಬಗ್ಗೆ ಇದಕ್ಕಿಂತ ದೊಡ್ಡ ಮನಸ್ಸಿನ ಮಾತನ್ನು ನಾನು ಕೇಳಿಲ್ಲ. 1928ರಲ್ಲಿ ಅವರು ತೀರಿಕೊಂಡರು.

ಊಟ, ವಸತಿ ಕೊಟ್ಟು ಓದಿಸುವ ಮಠಗಳ ಉಚಿತ ಪ್ರಸಾದ ನಿಲಯಗಳೂ ರಂಗರಾಯರ ಜಾಡಿನವೇ. 2019ರಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮೀಜಿ ಸಿದ್ಧಗಂಗೆಯಲ್ಲಿ ಜಾತಿ ಮತ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಆಶ್ರಯ, ಅಕ್ಷರ ಮೂರನ್ನೂ ಒಂದೇ ಕಡೆ ಕೊಟ್ಟರು. ಮಂಗಳೂರಿನ ಬೀದಿಯಲ್ಲಿ ಕಿತ್ತಳೆ ಮಾರಿದ ದುಡ್ಡಿನಿಂದ ತಮ್ಮೂರಿಗೆ ಶಾಲೆ ತಂದ ಹರೇಕಳ ಹಾಜಬ್ಬ, ಪದ್ಮಶ್ರೀ ಬಂದ ಮೇಲೂ ಕೇಳಿದ್ದು ಊರಿಗೊಂದು ಪಿಯು ಕಾಲೇಜು.

ಹಾಜಬ್ಬರ ಈ ಬೇಡಿಕೆಯಲ್ಲಿ ಇಂದಿನ ತೊಡಕು ಇದೆ. ಜೂನ್ ಬಂತೆಂದರೆ ನೋಟ್‌ಬುಕ್, ಬ್ಯಾಗು ಹಂಚುವ ಸಂಘಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಅದೂ ಒಳ್ಳೆಯದೇ. ಆದರೆ ಬಡ ಮಕ್ಕಳು ಕೈಬಿಟ್ಟುಹೋಗುವುದು ಎಸ್ಸೆಸ್ಸೆಲ್ಸಿ ಆದ ಮೇಲೆ. ಸರ್ಕಾರಿ ಶಾಲೆಯ ಬಿಸಿಯೂಟ ಹತ್ತನೇ ತರಗತಿಗೆ ನಿಲ್ಲುತ್ತದೆ. ಕಾಲೇಜು ತಾಲ್ಲೂಕು ಕೇಂದ್ರದಲ್ಲಿ, ಬಸ್ಸು ಬೆಳಿಗ್ಗೆ ಒಂದು, ಸಂಜೆ ಒಂದು. ಹಾಸ್ಟೆಲ್ ಸೀಟು ಸಿಗದಿದ್ದರೆ ಹುಡುಗ ಗಾರೆ ಕೆಲಸಕ್ಕೆ ಹೋಗುತ್ತಾನೆ, ಹುಡುಗಿಗೆ ಗಂಡು ನೋಡಲು ಶುರುಮಾಡುತ್ತಾರೆ. ಸರ್ಕಾರಿ ಶಾಲೆ-ಕಾಲೇಜಿನಲ್ಲಿ ಓದಿ ಪದವಿ ಅಥವಾ ಡಿಪ್ಲೊಮಾಕ್ಕೆ ಸೇರುವ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30,000 ರೂಪಾಯಿ ಕೊಡುತ್ತಿದೆ. ಬಹಳ ಬೆಲೆಯುಳ್ಳ ನೆರವು ಅದು. ಆದರೆ ಅಲ್ಲಿಗೆ ತಲುಪಬೇಕಾದರೆ ನಡುವಿನ ಎರಡು ವರ್ಷದ ಪಿಯುಸಿ ದಾಟಬೇಕು.

ಹಾಸ್ಟೆಲಿನಲ್ಲಿದ್ದು ಓದಿ ಇಂದು ಸಂಬಳ ಎಣಿಸುತ್ತಿರುವವರು ಈ ನಾಡಿನಲ್ಲಿ ಲೆಕ್ಕವಿಲ್ಲದಷ್ಟು ಮಂದಿ ಇದ್ದಾರೆ. ನೀವೂ ಅವರಲ್ಲಿ ಒಬ್ಬರಾದರೆ, ಈ ಸಲ ಫಲಿತಾಂಶ ಬಂದ ವಾರ ನಿಮ್ಮೂರಿನ ಹೈಸ್ಕೂಲಿಗೆ ಹೋಗಿ. ಪಾಸಾಗಿಯೂ ಕಾಲೇಜಿಗೆ ಸೇರಲಾಗದ ಮಕ್ಕಳು ಯಾರೆಂದು ಹೆಡ್‌ಮಾಸ್ಟರನ್ನು ಕೇಳಿ. ಒಂದು ಮಗುವಿನ ಎರಡು ವರ್ಷದ ಊಟ, ಬಸ್ಸು, ಫೀಸು ನಿಮ್ಮ ಪಾಲಿಗಿರಲಿ.