ಉಪ್ಪುನೀರಿನ ಪೆಟ್ಟಿಗೆ ಸಿಹಿನೀರಿನ ಮದ್ದು

ಸಮುದ್ರದಲ್ಲಿ ಮುಳುಗಿ ಮೇಲೆ ಬಂದ ವಿದ್ಯುನ್ಮಾನ ಉಪಕರಣವನ್ನು ಅವಸರದಿಂದ ಒಣಗಿಸಬಾರದು, ಮೊದಲು ಸಿಹಿನೀರಿನಲ್ಲಿ ತೊಳೆಯಬೇಕು ಅಥವಾ ಅದರಲ್ಲೇ ಮುಳುಗಿಸಿಡಬೇಕು ಎಂಬುದು ಇಂದು ನೌಕಾಪಡೆಯ ದುರಸ್ತಿಗಾರರೂ ವಿಮಾನ ಅಪಘಾತಗಳ ತನಿಖಾಧಿಕಾರಿಗಳೂ ಪಾಲಿಸುವ ಕ್ರಮವಾಗಿದೆ. ಮೇಲ್ನೋಟಕ್ಕೆ ವಿಚಿತ್ರವೆನಿಸುವ ಈ ಕ್ರಮವು ಕಳೆದ ಶತಮಾನದ ಹಲವು ದುರಂತಗಳ ಬೆನ್ನಿಗೆ ಹಂತಹಂತವಾಗಿ ರೂಪುಗೊಂಡಿತು.

ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳು ಅಯಾನುಗಳಾಗಿ, ಅಂದರೆ ವಿದ್ಯುದಂಶ ಹೊತ್ತ ಕಣಗಳಾಗಿ, ಕರಗಿರುವುದರಿಂದ ಅದರಲ್ಲಿ ಕುಡಿಯುವ ನೀರಿಗಿಂತ ನೂರು ಪಟ್ಟಿಗೂ ಹೆಚ್ಚು ಸುಲಭವಾಗಿ ವಿದ್ಯುತ್ ಹರಿಯುತ್ತದೆ. ಅದರಲ್ಲಿನ ಕ್ಲೋರೈಡ್ ಅಯಾನುಗಳು ಲೋಹದ ಮೇಲಿನ ರಕ್ಷಕ ಪದರವನ್ನು ಭೇದಿಸಿ ತಾಮ್ರಕ್ಕೆ ಕಿಲುಬನ್ನೂ ಕಬ್ಬಿಣಕ್ಕೆ ತುಕ್ಕನ್ನೂ ತರುತ್ತವೆ. ಉಪಕರಣದಲ್ಲಿ ವಿದ್ಯುತ್ ಹರಿಯುತ್ತಿದ್ದರೆ ಹಾನಿ ಇನ್ನೂ ತ್ವರಿತ: ಒಂದು ತಂತುವಿನಿಂದ ಕರಗಿದ ಲೋಹವು ಪಕ್ಕದ ತಂತುವಿನ ಮೇಲೆ ಕವಲೊಡೆದು ಬೆಳೆದು, ಎರಡನ್ನೂ ಬೆಸೆದು ಶಾರ್ಟ್ ಸರ್ಕ್ಯೂಟ್ ಉಂಟುಮಾಡುತ್ತದೆ. ಇನ್ನು ತೊಳೆಯದೆ ಒಣಗಿಸಿದರೆ ನೀರು ಆವಿಯಾಗಿ ಹೋದರೂ ಉಪ್ಪು ಅಲ್ಲೇ ಉಳಿದು, ಗಾಳಿಯ ತೇವವನ್ನು ಹೀರಿಕೊಂಡು ಸವೆತವನ್ನು ಮತ್ತೆ ಆರಂಭಿಸುತ್ತದೆ.

ಈ ವಿದ್ಯೆಗೆ ಮೊದಲ ದೊಡ್ಡ ಪರೀಕ್ಷೆ ಒದಗಿದ್ದು ಪರ್ಲ್ ಹಾರ್ಬರ್‌ನಲ್ಲಿ. 1941ರ ಡಿಸೆಂಬರ್ 7ರ ಜಪಾನಿನ ದಾಳಿಯಲ್ಲಿ ಮುಳುಗಿದ ಕ್ಯಾಲಿಫೋರ್ನಿಯಾ ಮತ್ತು ವೆಸ್ಟ್ ವರ್ಜೀನಿಯಾ ಯುದ್ಧನೌಕೆಗಳು ಉಗಿ ಟರ್ಬೈನಿನಿಂದ ವಿದ್ಯುತ್ ಉತ್ಪಾದಿಸಿ, ಆ ವಿದ್ಯುತ್ತಿನಿಂದ ಮೋಟಾರುಗಳನ್ನು ತಿರುಗಿಸಿ ಚಲಿಸುವಂಥವು. ಹೋಮರ್ ವಾಲಿನ್ ಅವರ ಮುಂದಾಳತ್ವದ ತಂಡವು 1942ರ ಮಾರ್ಚ್ ಮತ್ತು ಮೇ ತಿಂಗಳಲ್ಲಿ ಅವೆರಡನ್ನೂ ತೇಲಿಸಿದಾಗ, ತಿಂಗಳುಗಟ್ಟಲೆ ಉಪ್ಪುನೀರು ಮತ್ತು ಎಣ್ಣೆಯಲ್ಲಿ ನೆನೆದಿದ್ದ ಯಂತ್ರಗಳನ್ನು ತೊಳೆದು, ನೀರನ್ನು ಹೊರದೂಡುವ ಟೆಕ್ಟಿಲ್ ಎಂಬ ತುಕ್ಕುನಿರೋಧಕ ದ್ರವವನ್ನು ಬಳಿದು, ಕೈಮೀರಿ ಕೆಟ್ಟ ಮೋಟಾರುಗಳಿಗೆ ರೀವೈಂಡಿಂಗ್ ಮಾಡಿ ಮತ್ತೆ ಬಳಕೆಗೆ ತರಲಾಯಿತು.

ಅಲ್ಲಿ ಅನುಭವದಿಂದ ಕಂಡುಕೊಂಡದ್ದಕ್ಕೆ ಶಾಸ್ತ್ರದ ತಳಹದಿ ಹಾಕಿದವರಲ್ಲಿ ಅಮೆರಿಕದ ನೌಕಾ ಸಂಶೋಧನಾ ಪ್ರಯೋಗಾಲಯದ ಮೇಲ್ಮೈ ರಸಾಯನಶಾಸ್ತ್ರಜ್ಞರು ಪ್ರಮುಖರು. ಬ್ಯೂಟನಾಲ್ ಎಂಬ ಮದ್ಯಸಾರದಂತಹ, ಮೇಲ್ಮೈ ಸೆಳೆತ ಕಡಿಮೆಯಿರುವ ದ್ರವವು ಲೋಹ ಮತ್ತು ನೀರಿನ ನಡುವೆ ಹರಡಿಕೊಂಡು, ಸಂದುಗೊಂದುಗಳಲ್ಲಿ ಸಿಕ್ಕಿಕೊಂಡ ನೀರನ್ನು ಹೊರಕ್ಕೆ ತಳ್ಳುತ್ತದೆ ಎಂಬ ತತ್ತ್ವವನ್ನು ಅವರು 1960ರ ದಶಕದಲ್ಲಿ ಕಾರ್ಯವಿಧಾನವಾಗಿ ಬೆಳೆಸಿದರು. 1960ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ನೌಕಾಂಗಣದಲ್ಲಿ ಬೆಂಕಿಗೆ ತುತ್ತಾದ ಕಾನ್‌ಸ್ಟೆಲೇಶನ್ ವಿಮಾನವಾಹಕ ನೌಕೆಯ ಉಪಕರಣಗಳ ಮೇಲೂ ಕಡಲಿಗೆ ಬಿದ್ದ ಹೆಲಿಕಾಪ್ಟರ್ ಒಂದರ ಮೇಲೂ ಆ ವಿಧಾನವನ್ನು ಪ್ರಯೋಗಿಸಲಾಯಿತು.

ಉಪಕರಣವನ್ನು ಮತ್ತೆ ಬಳಸುವುದಕ್ಕಿಂತ ಅದರೊಳಗಿನ ಮಾಹಿತಿಯನ್ನು ಉಳಿಸಿಕೊಳ್ಳುವುದೇ ಮುಖ್ಯವಾದ ಸಂದರ್ಭಗಳೂ ಉಂಟು. 1985ರ ಜೂನ್ 23ರಂದು ಐರ್ಲೆಂಡಿನ ಬಳಿ ಸ್ಫೋಟಗೊಂಡು ಸಮುದ್ರಕ್ಕೆ ಬಿದ್ದ ಏರ್ ಇಂಡಿಯಾದ ‘ಕನಿಷ್ಕ’ ವಿಮಾನದ ದಾಖಲೆ ಪೆಟ್ಟಿಗೆಗಳನ್ನು ಮರುತಿಂಗಳು ಸುಮಾರು ಎರಡು ಸಾವಿರ ಮೀಟರ್ ಆಳದಿಂದ ಎತ್ತಲಾಯಿತು. 2009ರ ಜೂನ್ 1ರಂದು ಅಟ್ಲಾಂಟಿಕ್ ಸಾಗರಕ್ಕೆ ಬಿದ್ದ ಏರ್ ಫ್ರಾನ್ಸ್ 447 ವಿಮಾನದ ಪೆಟ್ಟಿಗೆಗಳು ಸುಮಾರು 3,900 ಮೀಟರ್ ಆಳದಲ್ಲಿ ಎರಡು ವರ್ಷಗಳ ಹತ್ತಿರ ಇದ್ದು 2011ರ ಮೇ ತಿಂಗಳಲ್ಲಿ ಮೇಲೆ ಬಂದಾಗಲೂ, ಫ್ರಾನ್ಸಿನ ತನಿಖಾಧಿಕಾರಿಗಳು ಸ್ಮೃತಿಫಲಕಗಳನ್ನು ಶುಚಿಗೊಳಿಸಿ, ಒಣಗಿಸಿ, ಪರೀಕ್ಷಿಸಿದ ಮೇಲಷ್ಟೇ ವಿದ್ಯುತ್ ಹಾಯಿಸಿ ದಾಖಲೆಗಳನ್ನು ಓದಿದರು. ಇಂತಹ ಪೆಟ್ಟಿಗೆಗಳನ್ನು ಪ್ರಯೋಗಾಲಯ ತಲುಪುವವರೆಗೂ ನೀರಿನಲ್ಲೇ ಇರಿಸುವುದು, ಗಾಳಿಯ ಆಮ್ಲಜನಕ ತಗುಲಿ ಸವೆತ ಬಿರುಸಾಗದಿರಲೆಂದು.

ಈ ವಿದ್ಯೆಗೂ ಮಿತಿಯಿದೆ. ಉಪ್ಪುನೀರು ಹೊಕ್ಕ ಲಿಥಿಯಂ ಬ್ಯಾಟರಿಯು ದಿನಗಳ ನಂತರವೂ ಹೊತ್ತಿಕೊಳ್ಳಬಹುದಾದ್ದರಿಂದ ಅದನ್ನು ಉಳಿಸುವ ಪ್ರಯತ್ನ ಸಲ್ಲದು. ಮಲ್ಪೆ, ಕಾರವಾರಗಳ ಮೀನುಗಾರರ ವೈರ್‌ಲೆಸ್ ಸೆಟ್ ಆಗಲಿ, ಅಲೆಗೆ ಸಿಕ್ಕ ಪ್ರವಾಸಿಗರ ಮೊಬೈಲ್ ಆಗಲಿ ಉಪ್ಪುನೀರಿಗೆ ಬಿದ್ದರೆ, ಚಾಲೂ ಮಾಡಿ ನೋಡುವ ಆಸೆಯನ್ನು ಬಿಟ್ಟು, ಸಾಧ್ಯವಿದ್ದರೆ ಬ್ಯಾಟರಿ ಕಳಚಿ, ತಡಮಾಡದೆ ರಿಪೇರಿಯವರ ಬಳಿಗೆ ಒಯ್ದು, ಒಳಗಿನ ಫಲಕವನ್ನು ಬಟ್ಟಿ ಇಳಿಸಿದ ನೀರಿನಲ್ಲಿ ತೊಳೆಸಿ, ಪೂರ್ತಿ ಒಣಗಿಸಬೇಕು. ಅಕ್ಕಿಯ ಡಬ್ಬಿಯಲ್ಲಿ ಹುದುಗಿಸಿಟ್ಟರೆ ತೇವ ಒಂದಿಷ್ಟು ಆರಬಹುದೇ ಹೊರತು ಉಪ್ಪು ಹೋಗುವುದಿಲ್ಲ.